ದಹಾಡ್: ಕಾಣೆಯಾದವಳನ್ನು ಹುಡುಕುವವರು ಯಾರು?

ಎಂ.ಎ. ತರಗತಿಗಳಲ್ಲಿ ವಿಮರ್ಶೆ ಎಂದರೆ ಕಾವ್ಯ, ಕತೆ, ಕಾದಂಬರಿ. ಕೊಲೆ-ಪತ್ತೇದಾರಿ ಧಾರಾವಾಹಿಗಳನ್ನು ಮುಟ್ಟಿಸಿಕೊಳ್ಳದ ಮಡಿ ಅಲ್ಲಿ ಈಗಲೂ ಇದೆ. ಆದರೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರು, ಕಂಪ್ಲಿ ಬಸ್ಸಿಗೆ ಕಾಯುವ ನಮ್ಮ ಹುಡುಗಿಯರು ಒಂದೇ ಮೊಬೈಲಿಗೆ ನಾಲ್ಕು ತಲೆ ಹಚ್ಚಿ ನೋಡ್ತಿದ್ದದ್ದು 'ದಹಾಡ್'. ಅವರಲ್ಲೊಬ್ಬಳು ಕೇಳಿದಳು: "ಸಾರ್, ಇದು ನಮ್ಮ ಕರ್ನಾಟಕದ್ದೇ ಕತೆಯಂತಲ್ಲ, ಮತ್ಯಾಕೆ ರಾಜಸ್ಥಾನಕ್ಕೆ ಹೋಯ್ತು?"

ಪ್ರಶ್ನೆ ಸಣ್ಣದಲ್ಲ. ರೀಮಾ ಕಾಗ್ತಿ, ಜೋಯಾ ಅಖ್ತರ್ ರೂಪಿಸಿದ, 2023ರಲ್ಲಿ ಬಂದ ಎಂಟು ಕಂತುಗಳ ಈ ಹಿಂದಿ ಸರಣಿಯನ್ನು ನೋಡಿದ ಯಾವ ಕನ್ನಡಿಗನಿಗೂ ದಕ್ಷಿಣ ಕನ್ನಡದ 'ಸಯನೈಡ್ ಮೋಹನ'ನ ನೆನಪಾಗದೆ ಇರದು. ಪ್ರಾಥಮಿಕ ಶಾಲೆಯ ಮೇಷ್ಟ್ರು. ವರದಕ್ಷಿಣೆ ಬೇಡ, ಮದುವೆಯಾಗ್ತೀನಿ ಎಂದು ನಂಬಿಸಿ, ಗರ್ಭನಿರೋಧಕ ಮಾತ್ರೆ ಎಂದು ಸಯನೈಡ್ ನುಂಗಿಸಿ 20 ಹೆಣ್ಣುಮಕ್ಕಳನ್ನು ಕೊಂದವನು. ಹೆಣಗಳು ಸಿಕ್ಕಿದ್ದು ಊರೂರಿನ ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ. ಅಸಹಜ ಸಾವು ಎಂದು ಕಡತ ಮುಚ್ಚುತ್ತಾ ಹೋಯಿತು. 2009ರಲ್ಲಿ ಬಂಟ್ವಾಳ ಕಡೆಯ ಯುವತಿ ಕಾಣೆಯಾದಾಗ ಮುಸ್ಲಿಮನೊಬ್ಬನ ಜೊತೆ ಓಡಿಹೋದಳೆಂಬ ಗುಲ್ಲೆದ್ದು, ಪ್ರತಿಭಟನೆಯಾಗಿ, ಆಮೇಲೆ ತನಿಖೆ ಚುರುಕಾಯಿತು. ಫೋನ್ ಕರೆಗಳ ಜಾಡು ಮೇಷ್ಟ್ರ ಮನೆಗೆ ಮುಟ್ಟಿತು.

'ದಹಾಡ್' ಹಿಡಿದಿರುವ ನಿಜವಾದ ಎಳೆ ಇದೇ. ಕೆಳಜಾತಿಯ ಬಡವನೊಬ್ಬ ತಂಗಿ ಕಾಣೆಯಾಗಿದ್ದಾಳೆಂದು ಠಾಣೆಗೆ ಅಲೆದರೆ ಕೇಳುವವರಿಲ್ಲ. ಠಾಕೂರರ ಹುಡುಗಿ ಮುಸ್ಲಿಂ ಹುಡುಗನ ಜೊತೆ ಹೋದಾಗ ಊರೇ ಏಳುತ್ತದೆ. ಇದನ್ನು ಕಂಡ ಅಣ್ಣ, ನನ್ನ ತಂಗಿಯನ್ನೂ ಮುಸ್ಲಿಮನೇ ಕರೆದೊಯ್ದ ಅಂತ ಸುಳ್ಳು ಹೇಳುತ್ತಾನೆ. ಸುಳ್ಳಿಗೆ ವ್ಯವಸ್ಥೆ ಓಡಿಬರುತ್ತದೆ! ಕೇರಿಯ ಹೆಣ್ಣು ಹುಡುಕಲು ಯೋಗ್ಯಳಾಗಬೇಕಾದರೆ ಮೇಲ್ಜಾತಿಯ ದ್ವೇಷವನ್ನು ಸಾಲ ತರಬೇಕು. ಇಷ್ಟು ಕ್ರೂರ ಸತ್ಯವನ್ನು ನಮ್ಮ ಎಷ್ಟು ಬಂಡಾಯ ಕತೆಗಳು ಹೇಳಿವೆ?

ಆದರೆ ಸರಣಿ ಇಲ್ಲಿ ನಿಲ್ಲುವುದಿಲ್ಲ, ಕೊಲೆಗಾರನ ಹಿಂದೆ ಓಡುತ್ತದೆ. ಇಲ್ಲಿ ಅವನು ಹಿಂದಿ ಸಾಹಿತ್ಯದ ಮೇಷ್ಟ್ರು, ನನ್ನ ವೃತ್ತಿಯವನೇ. ಪಾಠ ಹೇಳುವವನ ಮಾತನ್ನು ನಂಬುವ ಮುಗ್ಧತೆ ನನಗೆ ದಿನಾ ಎದುರಿಗಿರುವಂಥದ್ದು, ಹೀಗಾಗಿ ನಿದ್ದೆ ಕೆಟ್ಟಿತು. ವಿಜಯ್ ವರ್ಮಾನ ತಣ್ಣನೆಯ ನಗೆಗೆ ಕ್ಯಾಮೆರಾ ಕೊಟ್ಟ ಹೊತ್ತಿನ ಕಾಲುಭಾಗವೂ ಸತ್ತವರಿಗೆ ಸಿಕ್ಕಿಲ್ಲ. ಅವರು ಠಾಣೆಯ ಫೋಟೋಗಳಾಗಿ ಉಳಿದರು. ಅವರಿಗೆ ಏನು ಆಸೆಯಿತ್ತು, ಯಾವ ಅವಮಾನದಿಂದ ಹೊರಟರು ಎಂಬುದು 'ವರದಕ್ಷಿಣೆಗೆ ದುಡ್ಡಿರಲಿಲ್ಲ' ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಇನ್ನು ತನಿಖಾಧಿಕಾರಿ ಅಂಜಲಿ ಭಾಟಿ, ಸೋನಾಕ್ಷಿ ಸಿನ್ಹಾ ಅಭಿನಯದ ದಲಿತ ಹೆಣ್ಣು. ಅವಳು ಹಾದುಹೋದಾಗ ಊದಿನಕಡ್ಡಿ ಹಚ್ಚುವ ಪೇದೆ ನಮಗೆಲ್ಲ ಪರಿಚಿತನೇ. ಹೊಸ್ತಿಲಲ್ಲಿ ತಡೆದವನಿಗೆ ಸಂವಿಧಾನ ನೆನಪಿಸಿ ಅವಳು ಒಳನುಗ್ಗುವಾಗ ನಮ್ಮ ಹುಡುಗಿಯರು ಶಿಳ್ಳೆ ಹೊಡೆದರಂತೆ, ಹೊಡೀಲಿ. ಆದರೆ ಆ ಹೊಸ್ತಿಲನ್ನು ದಾಟಿಸಿದ್ದು ಖಾಕಿ. ಖಾಕಿಯಿಲ್ಲದ ಅಣ್ಣನಿಗೆ ಅದೇ ಸಂವಿಧಾನ ಠಾಣೆಯಲ್ಲಿ ಕುರ್ಚಿಯನ್ನೂ ಕೊಡಲಿಲ್ಲ.

ರಾಜಸ್ಥಾನಕ್ಕೆ ಯಾಕೆ ಹೋಯ್ತು? ಕೋಟೆ, ಠಾಕೂರ, ಮರಳು ಇದ್ದರೆ ಜಾತಿ ಅಲ್ಲಿನದು ಅನ್ನಿಸುತ್ತದೆ. ನಾವು ಆರಾಮಾಗಿ ನೋಡಬಹುದು. ಅಂಜಲಿಯ ಅಪ್ಪ ಮೇಘ್ವಾಲ್ ಎಂಬ ಹೆಸರು ಅಳಿಸಿ ಭಾಟಿ ಎಂದು ಬರೆಸಿದ್ದ. ಕೊನೆಗೆ ಅವಳು ಮೇಘ್ವಾಲ್ ಆಗುತ್ತಾಳೆ. ನಮ್ಮ ಕಡೆ ಅಡ್ಡಹೆಸರಿನ ಬದಲು ಇನಿಷಿಯಲ್ ಇಟ್ಟು ಮುಚ್ಚಿಕೊಳ್ತೀವಿ. ಹಾಜರಿ ಪುಸ್ತಕದಲ್ಲಿ ಕಾಣದ್ದನ್ನು ಸ್ಕಾಲರ್‌ಶಿಪ್ ಪಟ್ಟಿ ಎಲ್ಲರೆದುರು ಓದಿ ಹೇಳುತ್ತದೆ. ಆ ಹುಡುಗಿಗೆ ಇದನ್ನೇ ಹೇಳಿದೆ. "ಗೊತ್ತು ಸಾರ್" ಅಂದಳು.