ಹೋದ ವರ್ಷದ ಬೂದು ಗೆರೆ

ಪರದೆಯ ಮೇಲೆ ಎರಡು ಗೆರೆ. ಈ ವರ್ಷದ ಮಾರಾಟ ದಪ್ಪ ನೀಲಿ, ಹೋದ ವರ್ಷದ್ದು ತೆಳು ಬೂದು. ನೀಲಿ ಗೆರೆ ಇವತ್ತಿನ ತಾರೀಖಿಗೆ ಬಂದು ನಿಂತುಬಿಟ್ಟಿದೆ. ಬೂದು ಗೆರೆ ಮಾತ್ರ ಅದನ್ನು ದಾಟಿ ಡಿಸೆಂಬರ್‌ವರೆಗೂ ನಡೆದುಹೋಗಿದೆ. ವ್ಯಾಪಾರದ ವರದಿಗಳಲ್ಲಿ ನನಗೆ ಬಲು ಇಷ್ಟವಾದ ಚಿತ್ರ ಇದು. ಕಳೆದುಹೋದ ಕಾಲ ಮುಂದೆ ಮುಂದೆ, ನಡೆಯುತ್ತಿರುವ ಕಾಲ ಅದರ ಹಿಂದೆ. ಈ ತಿಂಗಳು ಹನ್ನೆರಡು ಲಕ್ಷ ಎಂಬ ಒಂಟಿ ಅಂಕಿಯಲ್ಲಿ ಸ್ವಾರಸ್ಯವೇನೂ ಇಲ್ಲ. ಪಕ್ಕದಲ್ಲಿ ಹೋದ ವರ್ಷದ ಒಂಬತ್ತೋ ಹದಿನೈದೋ ಬಂದು ಕೂತಾಗ ಅದಕ್ಕೊಂದು ಮುಖ ಬರುತ್ತದೆ.

ಗೆರೆಗಳನ್ನು ಹೀಗೆ ಜೊತೆಗಿಟ್ಟು ನೋಡುವ ರುಚಿ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ತಂದ ವಾಣಿಜ್ಯ ಅಟ್ಲಾಸಿನಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯೊಡನೆ ಇಂಗ್ಲೆಂಡ್ ನಡೆಸಿದ ವ್ಯಾಪಾರದ ಒಂದು ಪಟ ಇದೆ. ಆಮದಿನದೊಂದು ಗೆರೆ, ರಫ್ತಿನದೊಂದು. ನಡುವಿನ ಜಾಗಕ್ಕೆ ಬಣ್ಣ. ಗೆರೆಗಳು ಒಂದನ್ನೊಂದು ದಾಟುವ ಕಡೆ ಕಣ್ಣು ತಾನಾಗಿ ನಿಲ್ಲುತ್ತದೆ.

ಇವತ್ತು ವರದಿ ತಯಾರಿಸುವ ಸಾಫ್ಟ್‌ವೇರ್ ಪವರ್ ಬಿಐನಲ್ಲಿ ಆ ಬೂದು ಗೆರೆ ಎಳೆಯಲು ಒಂದು ಸಾಲಿನ ಸೂತ್ರ ಸಾಕು: ಸೇಮ್‌ಪೀರಿಯಡ್‌ಲಾಸ್ಟ್‌ಇಯರ್. ನೀವು ಒಂದು ದಿನ ಆರಿಸಿದರೆ ಹೋದ ವರ್ಷದ ಅದೇ ದಿನ, ತಿಂಗಳು ಆರಿಸಿದರೆ ಅದೇ ತಿಂಗಳು ತಂದುಕೊಡುತ್ತದೆ. ಇದರ ಬೆನ್ನ ಹಿಂದೆ ಕ್ಯಾಲೆಂಡರ್ ಟೇಬಲ್ ಎಂಬ ಬಡಪಾಯಿ ಪಟ್ಟಿಯೊಂದಿದೆ. ವರ್ಷದ ಪ್ರತಿ ತಾರೀಖಿಗೂ ಅದರಲ್ಲಿ ಒಂದು ಸಾಲು ಇರಬೇಕು, ಅಂಗಡಿ ಬಾಗಿಲು ಹಾಕಿದ ದಿನಕ್ಕೂ. ಒಂದೂ ದಿನ ಬಿಟ್ಟುಹೋಗುವಂತಿಲ್ಲ. ಮಾರಾಟದ ಅಂಕಿಗಳಿಗಿಂತ ಈ ಪಟ್ಟಿಯನ್ನು ನೋಡಿದರೆ ಆ ವರದಿ ಮಾಡಿದವರ ಕೈ ಎಂಥದ್ದೆಂದು ಗೊತ್ತಾಗುತ್ತದೆ.

ಅಜಾಗರೂಕರು ಮಾಡಿದ ವರದಿ ತಿಂಗಳ ಹನ್ನೆರಡನೇ ತಾರೀಖಿಗೆ ಮಾಲೀಕರ ಎದೆ ಒಡೆಸುತ್ತದೆ. ಈ ತಿಂಗಳ ಹನ್ನೆರಡು ದಿನವನ್ನು ಹೋದ ವರ್ಷದ ಇಡೀ ತಿಂಗಳಿಗೆ ಹೋಲಿಸಿ ಕೆಂಪು ಅಕ್ಷರದಲ್ಲಿ ಶೇಕಡಾ ಮೈನಸ್ ಅರವತ್ತು ತೋರಿಸಿಬಿಡುತ್ತದೆ. ಬಲ್ಲವರು ಹೋದ ವರ್ಷವನ್ನೂ ಹನ್ನೆರಡಕ್ಕೇ ಕತ್ತರಿಸಿರುತ್ತಾರೆ.

ಆದರೆ ನಿಜವಾದ ರಸ ಇರುವುದು ಹಬ್ಬಗಳಲ್ಲಿ. ಚಿಕ್ಕಪೇಟೆಯ ಸೀರೆ ಅಂಗಡಿಯೊಂದನ್ನು ಅಂದುಕೊಳ್ಳಿ. ಗಲ್ಲಾದಲ್ಲಿ ಕೂತವರು ಕೇಳುವುದು ‘ಹೋದ ದೀಪಾವಳಿಗೆ ಎಷ್ಟಾಗಿತ್ತು’ ಎಂದೇ ಹೊರತು ‘ಹೋದ ಅಕ್ಟೋಬರ್‌ಗೆ ಎಷ್ಟು’ ಎಂದಲ್ಲ. ಸಾಫ್ಟ್‌ವೇರಿಗೆ ಗೊತ್ತಿರುವುದು ಅಕ್ಟೋಬರ್ ಮಾತ್ರ. ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೆ ಬಂತು, 2024ರಲ್ಲಿ ಅಕ್ಟೋಬರ್ 31ಕ್ಕೆ. 2024ರ ಅಕ್ಟೋಬರಿನಲ್ಲಿ ಭರ್ಜರಿ ಏರಿಕೆ ಕಂಡು ಬೀಗಿದ ಮ್ಯಾನೇಜರು ನವೆಂಬರಿನಲ್ಲಿ ಇಳಿಕೆ ಕಂಡು ಪೆಚ್ಚಾದರೆ ಎರಡೂ ಸುಳ್ಳೇ. ಓಡಾಡಿದ್ದು ಹಬ್ಬ, ಗಿರಾಕಿ ಅಲ್ಲ.

ಯುಗಾದಿಯದಂತೂ ಇನ್ನೂ ಮಜಾ. 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದಲ್ಲಿ ಇವನ್ನು ಕೂರಿಸಿ ನೋಡಿ: 2022-23ಕ್ಕೆ ಎರಡು ಯುಗಾದಿ, 2023-24ಕ್ಕೆ ಒಂದೂ ಇಲ್ಲ, 2024-25ಕ್ಕೆ ಮತ್ತೆ ಎರಡು! (ಖರೀದಿ ಹಬ್ಬಕ್ಕೆ ಮುಂಚೆಯೇ ನಡೆಯುವುದರಿಂದ ಏಪ್ರಿಲ್ 2ರ ಯುಗಾದಿಯ ಬಟ್ಟೆ ಬಹುಪಾಲು ಹಿಂದಿನ ವರ್ಷದ ಲೆಕ್ಕಕ್ಕೇ ಬಿದ್ದಿರುತ್ತದೆ, ಆ ಮಾತು ಬೇರೆ.) ಆಡಿಟರಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ವರ್ಷದಿಂದ ವರ್ಷಕ್ಕೆ ಬೆಳವಣಿಗೆ ಎಂದು ಪಟ ಬರೆಯುವವರಿಗೆ ಆಗಬೇಕು.

ಇದಕ್ಕೆ ಮದ್ದು ಚಿಕ್ಕದು, ಸೊಗಸಾದದ್ದು. ಕ್ಯಾಲೆಂಡರ್ ಟೇಬಲಿಗೆ ‘ಹಬ್ಬಕ್ಕೆ ಬಾಕಿ ದಿನ’ ಎಂದು ಇನ್ನೊಂದು ಕಾಲಂ ಸೇರಿಸುವುದು. ನರಕ ಚತುರ್ದಶಿ ಸೊನ್ನೆ, ಹಿಂದಿನ ದಿನ ಮೈನಸ್ ಒಂದು, ಹೀಗೆ ಮೈನಸ್ ಮೂವತ್ತರವರೆಗೆ. ಪಟದ ಅಡಿಯಲ್ಲಿ ತಾರೀಖು ತೆಗೆದು ಈ ಅಂಕಿ ಇಡಿ. ಅಷ್ಟು ಹೊತ್ತು ಬೇರೆ ಬೇರೆ ಕಡೆ ಗುಡ್ಡ ಎಬ್ಬಿಸಿಕೊಂಡಿದ್ದ ನೀಲಿ, ಬೂದು ಗೆರೆಗಳು ಜರುಗಿ ಒಂದರ ನೆತ್ತಿಯ ಮೇಲೊಂದು ಬಂದು ಕೂರುತ್ತವೆ. ಶ್ರುತಿ ಸೇರಿದ ಎರಡು ತಂಬೂರಿ ಕೇಳಿದ ಹಾಗೆ. ಈಗ ಇವೆರಡರ ನಡುವೆ ಉಳಿದ ಅಂತರ ಇದೆಯಲ್ಲ, ಅದು ವ್ಯಾಪಾರದ್ದು. ಕೊನೆಯ ವಾರ ನೀಲಿ ಮೇಲಿದ್ದು ಮೊದಲ ಮೂರು ವಾರ ಕೆಳಗಿದ್ದರೆ ಜನ ಈ ಸಲ ಖರೀದಿ ತಡ ಮಾಡಿದ್ದಾರೆ ಎಂದು ಓದಿಕೊಳ್ಳಬಹುದು.

ಅಮೆರಿಕದ ಚಿಲ್ಲರೆ ವ್ಯಾಪಾರದವರಿಗೆ ಕಾಡುವುದು ಶನಿವಾರ: ಅದೇ ತಿಂಗಳಿಗೆ ಒಂದು ವರ್ಷ ನಾಲ್ಕು ಬಿದ್ದರೆ ಇನ್ನೊಂದು ವರ್ಷ ಐದು. ಅದಕ್ಕೇ ಅವರು ವಾರಗಳನ್ನು 4-5-4 ಎಂದು ತಿಂಗಳುಗಳಿಗೆ ಹಂಚಿ 364 ದಿನದ ವರ್ಷ ಮಾಡಿಕೊಂಡಿದ್ದಾರೆ. ಉಳಿದ ದಿನಗಳು ಜಮಾ ಆದಾಗ 53ನೇ ವಾರ ಸೇರುತ್ತದೆ, 2023ರಲ್ಲಿ ಸೇರಿತ್ತು. ನಮ್ಮ ಅಧಿಕ ಮಾಸದ ಲೆಕ್ಕವೂ ಹೆಚ್ಚುಕಡಿಮೆ ಇದೇ ಜಾತಿಯದು.

ಪಟವೇ ಇಲ್ಲದೆ ಹೋಲಿಸುವವರೂ ಇದ್ದಾರೆ. ಬೆಂಗಳೂರಿನದೇ ಆದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಆಲ್ಟ್ ಹಿಡಿದು ಎನ್ ಒತ್ತಿ, ತಿಂಗಳುವಾರು ಎಂದು ಆರಿಸಿದರೆ ತಿಂಗಳ ಕಾಲಂಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಬಣ್ಣವಿಲ್ಲ, ಗೆರೆಯಿಲ್ಲ. ಆದರೂ ಅನುಭವಸ್ಥ ಗುಮಾಸ್ತರ ಬೆರಳು ಆ ಅಂಕಿಗಳ ಮೇಲೆ ಓಡುವಾಗ ಎಲ್ಲಿ ತಡೆಯುತ್ತದೆಂದು ನೋಡುವುದೇ ಒಂದು ಸುಖ.

ಹೋಲಿಸಲು ಹೋದ ವರ್ಷವೇ ಖಾಲಿಯಾಗಿದ್ದರೆ? 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್. ಬಟ್ಟೆ ಅಂಗಡಿಗಳಿಗೆ ಬೀಗ, ಮಾರಾಟ ಸೊನ್ನೆ. ಮುಂದಿನ ಏಪ್ರಿಲ್ ಅನ್ನು ಅದಕ್ಕೆ ಹೋಲಿಸಿ ಶೇಕಡಾವಾರು ಹೇಳು ಅಂದರೆ ಯಾವ ಗಣಿತ ಹೇಳೀತು? ಪವರ್ ಬಿಐನ ಡಿವೈಡ್ ಸೂತ್ರ ಅಲ್ಲಿ ದೋಷದ ಸಂದೇಶ ಕಾರುವುದಿಲ್ಲ, ಮನೆಯನ್ನು ಖಾಲಿ ಬಿಟ್ಟು ಸುಮ್ಮನಾಗುತ್ತದೆ. ಆ ಸಂಕೋಚ ನನಗೆ ಮೆಚ್ಚುಗೆ.

ಕ್ಯಾಲೆಂಡರ್ ಟೇಬಲಿನಲ್ಲಿ 2026ರ ಸಾಲುಗಳನ್ನು ತುಂಬುವವರಿಗೆ ಕೆಲಸ ಜಾಸ್ತಿ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಹಾಗಾಗಿ ಮದುವೆಯ ಸೀರೆಗಳೆಲ್ಲ ಆಚೀಚೆ ಸರಿಯುತ್ತವೆ. 2025ರಲ್ಲಿ ಅಕ್ಟೋಬರ್ 20ಕ್ಕಿದ್ದ ನರಕ ಚತುರ್ದಶಿ ನವೆಂಬರ್ 8ಕ್ಕೆ ಹೋಗುತ್ತದೆ. ಅಲ್ಲಿಗೆ ಸೊನ್ನೆ ಇಟ್ಟು ಹಿಂದಕ್ಕೆ ಎಣಿಸುತ್ತ ಬರಬೇಕು.