ಜಲಿಯನ್‌ವಾಲಾ ಬಾಗ್: ಸ್ಮಾರಕವೋ, ತಮಾಷಾವೋ?

ಹೆಸರಿನಲ್ಲಿ 'ಬಾಗ್' ಇದ್ದರೂ 1919ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗ್ ಉದ್ಯಾನವಾಗಿರಲಿಲ್ಲ. ಸುತ್ತಲೂ ಮನೆಗಳ ಹಿಂಗೋಡೆಗಳು, ನಡುವೆ ಉಬ್ಬುತಗ್ಗಿನ ಪಾಳು ಬಯಲು, ಒಂದು ಬಾವಿ, ಬೆರಳೆಣಿಕೆಯ ಮರಗಳು, ಒಳಬರಲು ಇಕ್ಕಟ್ಟಾದ ಒಂದು ಓಣಿ. ಅದು ಉದ್ಯಾನವಾದದ್ದು ಅಲ್ಲಿ ನೂರಾರು ಜನ ಸತ್ತ ನಂತರ. ಹಾಗಾಗಿ ಅಲ್ಲಿನ ಪ್ರತಿ ಗಿಡ, ಪ್ರತಿ ಕಲ್ಲಿಗೂ ಒಂದು ಪ್ರಶ್ನೆ ಕೇಳುವ ಹಕ್ಕು ನಮಗಿದೆ: ನೀನು ಸತ್ತವರನ್ನು ನೆನಪಿಸುತ್ತಿದ್ದೀಯೋ, ಮರೆಸುತ್ತಿದ್ದೀಯೋ?

2021ರ ಆಗಸ್ಟ್ 28ರಂದು ಪ್ರಧಾನಿ ನರೇಂದ್ರ ಮೋದಿಯವರು ನವೀಕೃತ ಸ್ಮಾರಕವನ್ನು ಉದ್ಘಾಟಿಸಿದಾಗ ಈ ಪ್ರಶ್ನೆ ಬಲವಾಗಿಯೇ ಎದ್ದಿತು. ಇತಿಹಾಸಕಾರರು ಆಕ್ಷೇಪಿಸಿದರು, ರಾಜಕಾರಣಿಗಳು ಪರ-ವಿರೋಧ ಮಾತಾಡಿದರು, ಕೆಲವು ದಿನಗಳಲ್ಲಿ ಎಲ್ಲರೂ ಸುಮ್ಮನಾದರು. ಆದರೆ ಆ ಚರ್ಚೆ ಪಕ್ಷ ರಾಜಕಾರಣಕ್ಕಿಂತ ದೊಡ್ಡದು. ದುಃಖದ ಒಂದು ಜಾಗವನ್ನು ಹೇಗೆ ಕಾಪಾಡಬೇಕು ಎಂಬುದು ಅದರ ತಿರುಳು.

ಅಲ್ಲಿ ನಡೆದದ್ದನ್ನು ಮೊದಲು ನೆನೆಯೋಣ. 1919ರ ಏಪ್ರಿಲ್ 9ರ ರಾಮನವಮಿಯ ಮೆರವಣಿಗೆಯಲ್ಲಿ ಅಮೃತಸರದ ಹಿಂದೂಗಳೂ ಮುಸ್ಲಿಮರೂ ಜೊತೆಯಾಗಿ ನಡೆದರು. ಆಳುವವರಿಗೆ ಈ ಐಕ್ಯವೇ ದಿಗಿಲು ಹುಟ್ಟಿಸಿತ್ತು. ಮರುದಿನವೇ ಡಾ. ಸೈಫುದ್ದೀನ್ ಕಿಚ್ಲೂ ಮತ್ತು ಡಾ. ಸತ್ಯಪಾಲ್ ಅವರನ್ನು ಬಂಧಿಸಿ ಊರಿನಿಂದ ಹೊರಗೆ ಸಾಗಿಸಲಾಯಿತು. 13ರಂದು, ಬೈಸಾಖಿಯ ದಿನ, ಬಾಗ್‌ನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರ್ ಯಾವ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಿದ. ಸುಮಾರು ಹತ್ತು ನಿಮಿಷ, 1,650 ಗುಂಡುಗಳು. ಸರಕಾರದ ಲೆಕ್ಕದಲ್ಲಿ ಸತ್ತವರು 379. ಕಾಂಗ್ರೆಸ್ಸಿನ ವಿಚಾರಣಾ ಸಮಿತಿಯ ಅಂದಾಜು ಸಾವಿರದಷ್ಟು.

ಡಯರ್ ಎರಡು ಶಸ್ತ್ರಸಜ್ಜಿತ ವಾಹನಗಳನ್ನೂ ತಂದಿದ್ದ. ಓಣಿ ಇಕ್ಕಟ್ಟಾಗಿದ್ದುದರಿಂದ ಅವು ಒಳಗೆ ಬರಲಾಗಲಿಲ್ಲ. ಬರುವಂತಿದ್ದರೆ ಮೆಷಿನ್‌ಗನ್ ಬಳಸುತ್ತಿದ್ದೆನೇನೋ ಎಂದು ಹಂಟರ್ ಸಮಿತಿಯ ಮುಂದೆ ಆತನೇ ಒಪ್ಪಿಕೊಂಡ. ಅಂದರೆ ದೊಡ್ಡ ಬಂದೂಕುಗಳನ್ನು ಹೊರಗೆ ತಡೆದದ್ದೂ, ಓಡಲು ದಾರಿಯಿಲ್ಲದಂತೆ ಜನರನ್ನು ಒಳಗೆ ತಡೆದದ್ದೂ ಅದೇ ಇಕ್ಕಟ್ಟು. ಆ ಓಣಿಯ ಅಗಲವೇ ಒಂದು ಸಾಕ್ಷ್ಯ.

ಆ ರಾತ್ರಿ ಊರಿನಲ್ಲಿ ಕರ್ಫ್ಯೂ. ಗಂಡನನ್ನು ಹುಡುಕಿಕೊಂಡು ಬಂದ ರತನ್ ದೇವಿ ಹೆಣವನ್ನು ಮನೆಗೆ ಒಯ್ಯಲು ಯಾರ ನೆರವೂ ಸಿಗದೆ, ನಾಯಿಗಳನ್ನು ಓಡಿಸಲು ಕೈಯಲ್ಲೊಂದು ಬಿದಿರ ಕೋಲು ಹಿಡಿದು, ಬೆಳಗಿನವರೆಗೂ ಅದರ ಪಕ್ಕದಲ್ಲಿ ಕುಳಿತಿದ್ದರು. ವಿಚಾರಣಾ ಸಮಿತಿಯ ಮುಂದೆ ಅವರು ಕೊಟ್ಟ ಹೇಳಿಕೆ ಇಂದಿಗೂ ಓದಲು ಸಿಗುತ್ತದೆ. ಆ ಬಯಲಿನಲ್ಲಿ ನಡೆದ ಮೊದಲ ಸ್ಮರಣೆ ಅದೇ ಎನ್ನಬೇಕು. ಅಲ್ಲಿ ಕಟ್ಟುವ ಯಾವುದೇ ಸ್ಮಾರಕ ಆ ಒಂದು ರಾತ್ರಿಯ ಮೌನಕ್ಕೆ ಉತ್ತರ ಕೊಡಬೇಕು.

1920ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಜನ ಕೊಟ್ಟ ಹಣದಿಂದ ಆ ನೆಲವನ್ನು ಕೊಳ್ಳಲಾಯಿತು. ಅಮೆರಿಕದ ವಾಸ್ತುಶಿಲ್ಪಿ ಬೆಂಜಮಿನ್ ಪೋಕ್ ರೂಪಿಸಿದ, ಜ್ವಾಲೆಯ ಆಕಾರದ ಕೆಂಪು ಕಲ್ಲಿನ ಸ್ತಂಭವನ್ನು 1961ರ ಏಪ್ರಿಲ್ 13ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಹುಲ್ಲು ಬೆಳೆಯಿತು, ಹೂಗಿಡಗಳು ಬಂದವು. ಪಾಳು ಬಯಲನ್ನು ಹೀಗೆ ಅಂದಗೊಳಿಸಿದ್ದು ಸರಿಯೇ ಎಂದು ಅಂದೂ ಕೇಳಬಹುದಿತ್ತು. ಆದರೆ ಆ ವಿನ್ಯಾಸ ಒಂದು ಸಂಯಮ ಕಾಯ್ದುಕೊಂಡಿತ್ತು. ಗುಂಡಿನ ಗುರುತುಗಳಿದ್ದ ಗೋಡೆಯನ್ನೂ ಬಾವಿಯನ್ನೂ ಉಳಿಸಿಕೊಂಡಿತ್ತು. ಓಣಿಯನ್ನು ಬರಿಗೋಡೆಯಾಗಿಯೇ ಬಿಟ್ಟಿತ್ತು. ಬಂದವರು ಆ ಕತ್ತಲ ಇಕ್ಕಟ್ಟಿನಲ್ಲಿ ನಡೆದು ಬಯಲಿಗೆ ಬಿದ್ದಾಗ, ಸೈನಿಕರು ಬಂದದ್ದೂ ಇದೇ ದಾರಿಯಿಂದ ಎಂಬುದು ಯಾರೂ ಹೇಳದೆ ತಿಳಿಯುತ್ತಿತ್ತು.

ನವೀಕರಣ ಕೈ ಹಾಕಿದ್ದು ಇದಕ್ಕೇ. ಓಣಿಯ ಗೋಡೆಗಳ ಮೇಲೆ ಈಗ ಅಂದು ಬಾಗ್‌ಗೆ ಬಂದಿದ್ದವರನ್ನು ಸೂಚಿಸುವ ಉಬ್ಬುಶಿಲ್ಪಗಳಿವೆ. ಬಾವಿಗೆ ಗಾಜಿನ ಆವರಣ ಬಂದಿದೆ, ಸ್ತಂಭದ ಸುತ್ತ ತಾವರೆಯ ಕೊಳ ಬಂದಿದೆ. ಸಂಜೆ ಧ್ವನಿ-ಬೆಳಕಿನ ಪ್ರದರ್ಶನದ ಏರ್ಪಾಟಾಗಿದೆ. ಉಬ್ಬುಶಿಲ್ಪಗಳ ಕುಸುರಿಯ ಬಗ್ಗೆ ನನ್ನ ತಕರಾರಿಲ್ಲ, ಅವು ಇರುವ ಜಾಗದ ಬಗ್ಗೆ ಇದೆ. ಕಲಾಕೃತಿ ಎದುರಿಗಿದ್ದಾಗ ಮನುಷ್ಯ ನಿಂತು ಅದನ್ನು ನೋಡುತ್ತಾನೆ, ಹಿನ್ನೆಲೆಯಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾನೆ. ಉಸಿರುಕಟ್ಟಿಸುತ್ತಿದ್ದ ಓಣಿ ಹೀಗೆ ಚಿತ್ರಶಾಲೆಯಾಗುತ್ತದೆ. ಭಯದ ದಾರಿ ನೋಟದ ದಾರಿಯಾಗುತ್ತದೆ.

ಇಲ್ಲಿ ಅಮೃತಸರದಲ್ಲೇ ಬೆಳೆದ ಸಾದತ್ ಹಸನ್ ಮಂಟೋ ನೆನಪಾಗುತ್ತಾನೆ. ಈ ಹತ್ಯಾಕಾಂಡದ ಹಿನ್ನೆಲೆಯಲ್ಲಿ ಆತ ಬರೆದ ಮೊದಲ ಕತೆಯ ಹೆಸರೇ 'ತಮಾಷಾ'. ಊರಿನಲ್ಲಿ ನಡೆಯುತ್ತಿರುವುದೇನೆಂದು ಅರಿಯದ ಮಗುವಿನ ಕಣ್ಣಿನಿಂದ ಹೇಳಿದ ಕತೆ ಅದು. ಕನ್ನಡದಲ್ಲಿ ತಮಾಷೆ ಎಂದರೆ ನಗೆಯ ಮಾತು. ಉರ್ದುವಿನಲ್ಲಿ ತಮಾಷಾ ಎಂದರೆ ಜನ ಸೇರಿ ನೋಡುವ ಆಟ. ಮಗು ಅರಿಯದೆ ತಮಾಷಾ ಎಂದುಕೊಂಡದ್ದನ್ನು ನೂರು ವರ್ಷಗಳ ನಂತರ ನಾವು ಅರಿತೂ ತಮಾಷಾ ಮಾಡಿದೆವಲ್ಲ!

ನವೀಕರಣದ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಕಟ್ಟಡಕ್ಕೆ ದುರಸ್ತಿ ಬೇಕು. ಇತಿಹಾಸ ಗೊತ್ತಿಲ್ಲದ ಮಕ್ಕಳಿಗೆ ಯಾರಾದರೂ ಹೇಳಲೇಬೇಕು. ಆ ಕೆಲಸಕ್ಕೆಂದೇ ಅಲ್ಲಿ ಹೊಸ ಗ್ಯಾಲರಿಗಳಿವೆ, ಅದು ಒಳ್ಳೆಯದೇ. ಆದರೆ ಹೇಳುವ ಜಾಗ ಬೇರೆ, ನೆನೆಯುವ ಜಾಗ ಬೇರೆ. ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಈ ವಿವೇಕ ಕಾಣುತ್ತದೆ. ಕೆಂಜೊ ತಾಂಗೆ ವಿನ್ಯಾಸಗೊಳಿಸಿದ ಆ ಉದ್ಯಾನದಲ್ಲಿ ವಿವರಿಸುವ ಕೆಲಸ ವಸ್ತುಸಂಗ್ರಹಾಲಯದ್ದು. ಬಾಂಬಿಗೆ ಸಿಕ್ಕಿ ಮುರಿದ ಗುಮ್ಮಟದ ಕಟ್ಟಡವನ್ನು ಮುರಿದ ಸ್ಥಿತಿಯಲ್ಲೇ ಕಾಪಾಡಬೇಕೆಂದು 1966ರಲ್ಲಿ ನಗರಸಭೆ ತೀರ್ಮಾನಿಸಿತು. ಅದನ್ನು ಬೀಳದಂತೆ ಬಲಪಡಿಸಿದರು, ಚೆಂದಗಾಣಿಸಲಿಲ್ಲ.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ರೈತಾಪಿ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎನ್ನುತ್ತಾರೆ. ಅಲ್ಲೂ ಸ್ಮಾರಕವಿದೆ. ನಾಳೆ ಅದನ್ನೂ 'ಅಭಿವೃದ್ಧಿ' ಮಾಡಲು ಹೊರಟವರು ಏನನ್ನು ಸೇರಿಸೋಣ ಎಂದು ಕೇಳುವ ಮೊದಲು ಏನನ್ನು ಮುಟ್ಟದೆ ಬಿಡೋಣ ಎಂದು ಕೇಳಿಕೊಳ್ಳಲಿ.

ಖಬರಸ್ತಾನಕ್ಕೋ ಸ್ಮಶಾನಕ್ಕೋ ಕಾಲಿಟ್ಟಾಗ ಯಾರೂ ಹೇಳದಿದ್ದರೂ ನಮ್ಮ ದನಿ ತಗ್ಗುತ್ತದೆ. ಒಂದು ಮರದ ನೆರಳು, ಕೂರಲು ಒಂದು ಕಲ್ಲು, ಸತ್ತವರ ಹೆಸರು, ಇಷ್ಟಿದ್ದರೆ ಸಾಕು. ಉಳಿದದ್ದನ್ನು ಬಂದವನ ಮನಸ್ಸಿಗೆ ಬಿಡಬೇಕು. ರತನ್ ದೇವಿ ಕುಳಿತಿದ್ದ ಆ ನೆಲದಲ್ಲಿ ಇಂದು ಯಾರಾದರೂ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಸಾಧ್ಯವೇ? ಆ ಸ್ಮಾರಕದ ಯೋಗ್ಯತೆಯನ್ನು ಅಳೆಯಲು ಬೇರೆ ಮಾನದಂಡ ಬೇಕಿಲ್ಲ.