ಪುಂಡಿ ನಾರಿನ ಗೆರೆ

ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಬಿದಿರ ಬುಟ್ಟಿಗೆ ಸಗಣಿ ಬಳಿಯುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು. ಅದರ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಭತ್ತ ಹೊಡೆ ತುಂಬಿ ನಿಂತ ಆ ಹೊತ್ತಿಗೆ ಭೂಮಿತಾಯಿ ಬಸುರಿ. ಅವಳ ಬಯಕೆಯ ಊಟ ಗದ್ದೆಗೆ ಹೋಗುವುದು ಇದೇ ಬುಟ್ಟಿಗಳಲ್ಲಿ.

ಬುಟ್ಟಿಯ ಮೇಲೂ ಮನೆಯ ಗೋಡೆಯ ಮೇಲೂ ಮೂಡುವ ಈ ಚಿತ್ತಾರವನ್ನು ಹೊಗಳುವವರು ‘ಪರಿಸರಸ್ನೇಹಿ ಕಲೆ’ ಎಂದು ಹೇಳಿ ಮುಗಿಸುತ್ತಾರೆ. ನನಗದು ಅರೆಮಾತು ಅನ್ನಿಸುತ್ತದೆ. ಇಲ್ಲಿ ಅಂದ ಹುಟ್ಟಿದ್ದೇ ಸಾಮಗ್ರಿಯಿಂದ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಷ್ಟು ಹುರಿದ ಅದೇ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಬೀಜ. ಕುಂಚವೆಂದರೆ ಪುಂಡಿ ನಾರು. ಉತ್ತರ ಕರ್ನಾಟಕದವರು ಪಲ್ಯ ಮಾಡಿ ರೊಟ್ಟಿಯ ಜೊತೆ ಉಣ್ಣುವ ಪುಂಡಿಯೇ! ಬಣ್ಣ ಹೀರಿದ ನಾರು ಗೋಡೆಗೆ ಒರಗಿಕೊಂಡು ಸಾಗುತ್ತದೆ, ಗಕ್ಕನೆ ತಿರುಗಲು ಒಪ್ಪದು. ಮದುವೆಗೆ ಚಿತ್ತಾರ ಬರೆಯುವ ಹಸೆಗೋಡೆಯ ತುಂಬ ನೇರಗೆರೆಗಳೇ ಆಳುವುದು ಅದಕ್ಕೇ ಇರಬೇಕು. ಇನ್ನೊಂದು ಸೂಕ್ಷ್ಮವಿದೆ. ಅಕ್ಕಿಹಿಟ್ಟು ಹಸಿಯಿದ್ದಾಗ ನೆಲದ ಕೆಂಪಿನಲ್ಲಿ ಮಸುಕಾಗಿರುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಬರೆಯುವಾಕೆ ಈಗಷ್ಟೇ ಎಳೆದ ಗೆರೆಯನ್ನು ಸರಿಯಾಗಿ ಕಾಣದೆಯೇ ಅದರ ಪಕ್ಕದ ಗೆರೆ ಎಳೆಯಬೇಕು. ಆ ಅಂತರ ಅವಳ ಕೈಯಲ್ಲೇ ಇರುತ್ತದೆ. ಹಾಗಿಲ್ಲದವರಿಗೆ ಈ ಕೆಲಸ ಒಗ್ಗದು.

ಈಗ ಚಿತ್ತಾರ ಬಟ್ಟೆಗೆ, ಹಲಗೆಗೆ, ಅಕ್ರಿಲಿಕ್‌ಗೆ ಬಂದಿದೆ. ಬರೆಯುವವರ ಕೈಗೆ ನಾಲ್ಕು ಕಾಸು ಸಿಗುವುದಾದರೆ ತಕರಾರಿಲ್ಲ. ಆದರೆ ಅಕ್ರಿಲಿಕ್‌ನ ಬಿಳಿ ಈ ತುದಿಯಿಂದ ಆ ತುದಿಯವರೆಗೂ ಒಂದೇ ದಪ್ಪ. ಅಕ್ಕಿಯ ಬಿಳಿ ಹಾಗಲ್ಲ. ನಾರು ಬತ್ತುತ್ತಾ ಹೋದಂತೆ ತೆಳುವಾಗಿ, ಕೆಮ್ಮಣ್ಣನ್ನು ಒಳಗಿನಿಂದ ಇಣುಕಲು ಬಿಡುತ್ತದೆ. ಮತ್ತೆ ಅದ್ದಿದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಆ ಏರಿಳಿತವನ್ನು ಅಳಿಸಿದರೆ ಉಳಿಯುವುದು ಬರೀ ವಿನ್ಯಾಸ. ಕೊಳ್ಳಲು ಹೋದಾಗ ಮೊದಲು ಗೆರೆಯ ನಡುಭಾಗ ನೋಡಿ.

ಚಿತ್ತಾರ ಕಲಿಸುವ ಶಿಬಿರ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಅಂಗಡಿಯ ಕುಂಚ ಕೊಡುವ ಮುಂಚೆ ಪುಂಡಿ ನಾರು ಕೊಡಿ, ಅಕ್ಕಿಯನ್ನೂ ಅವರ ಕೈಯಲ್ಲೇ ಅರೆಸಿ. ಮೊದಮೊದಲು ಗೆರೆ ಸೊಟ್ಟಗಾದರೆ ಆಗಲಿ, ಒರೆಸಿ ಇನ್ನೊಮ್ಮೆ ಎಳೆಯಬಹುದು.